ಹೂ ಬಿಟ್ಟ ಗಿಡಕ್ಕೆ ಕುಡುಗೋಲು

ಜೂನ್ ೧೬

ಗಂಡ ಇದ್ದಾಗ ನನಗೆ ದಿನಚರಿ ಬೇಕಿರಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಅವನ ಮೇಲೆ ಸುರಿಯುತ್ತಿದ್ದೆ, ಅವನು ಟೋಪಿಯನ್ನು ಕಿವಿಯ ಮೇಲಕ್ಕೆ ಎಳೆದುಕೊಂಡು ಹೊಲಕ್ಕೆ ಹೋಗುತ್ತಿದ್ದ. ಅವನು ತೀರಿಕೊಂಡ ಮೇಲೆ ಬೈಗುಳವೆಲ್ಲ ಹೊಟ್ಟೆಯಲ್ಲೇ ಕೂತು ಹುಳಿಯುತ್ತಿದೆ. ಅದಕ್ಕೇ ಈ ಪುಸ್ತಕ. ಸನ್ಯಾಸಿನಿಯರ ಶಾಲೆಯಲ್ಲಿ ಆರನೇ ತರಗತಿವರೆಗೆ ಕಲಿತ ಅಕ್ಷರ ಇಷ್ಟಕ್ಕಾದರೂ ಬರಲಿ.

ಇವತ್ತು ಮಗ ಎಫ್ರಾಯಿನ್ ಹೆಂಡತಿಯನ್ನು ಕರೆತಂದ. ಊರಿನ ವ್ಯಾನು ಓಡಿಸುವವನು, ಕುಸ್ಕೋ ಪಟ್ಟಣದ ದಾರಿಯಲ್ಲಿ ದಿನಕ್ಕೆ ನೂರು ಜನರನ್ನು ಹತ್ತಿಸಿ ಇಳಿಸುತ್ತಾನೆ. ಒಬ್ಬಳನ್ನು ಇಳಿಸುವುದು ಮರೆತನೆಂದು ಕಾಣುತ್ತದೆ. ಹೆಸರು ಯಾನೆತ್. ಕೆಳಗಿನ ಕಣಿವೆಯವಳು. ಅಲ್ಲಿಯವರು ಒಂದೇ ಒಂದು ಸರಕಾರಿ ತಳಿಯ ಆಲೂಗಡ್ಡೆ ಬೆಳೆದು, ವಾರಕ್ಕೊಮ್ಮೆ ಔಷಧಿ ಹೊಡೆದು, ಲಾರಿಗೆ ತುಂಬಿ ಕಳಿಸುವ ಜನ. ತಾವು ಬೆಳೆದದ್ದನ್ನು ತಾವು ತಿನ್ನುವುದಿಲ್ಲವಂತೆ. ನಾನು ಅವಳನ್ನು ತಗ್ಗಿನವಳು ಎಂದೇ ಕರೆಯುವುದು. ಮನಸ್ಸಿನಲ್ಲಿ ಮಾತ್ರ ಎಂದುಕೊಂಡಿದ್ದೆ, ಸಂಜೆಯೊಳಗೆ ಬಾಯಲ್ಲೂ ಎರಡು ಸಲ ಬಂತು.

ಪದ್ಧತಿಯಂತೆ ಅವಳ ಕೈಗೆ ಚಾಕುವನ್ನೂ ಗಂಟುಗಂಟಿನ ಆಲೂಗಡ್ಡೆಯೊಂದನ್ನೂ ಕೊಟ್ಟೆ. ಆ ಬಗೆಯ ಹೆಸರೇ ‘ಸೊಸೆ ಅಳಿಸುವುದು’. ತಿರುಳು ಹೋಗದ ಹಾಗೆ ಸಿಪ್ಪೆ ತೆಗೆದರೆ ಸೊಸೆ, ಇಲ್ಲದಿದ್ದರೆ ತವರಿನ ದಾರಿ. ನನ್ನ ಅತ್ತೆ ಕೊಟ್ಟಾಗ ನಾನು ಅತ್ತಿದ್ದೆ, ಅಳುವುದೂ ಪದ್ಧತಿಯೇ. ಇವಳು ಅಳಲಿಲ್ಲ. ಗಡ್ಡೆಯನ್ನು ಸಿಪ್ಪೆ ಸಮೇತ ನೀರಿಗೆ ಹಾಕಿ ಬೇಯಿಸಿ, ಹಬೆಯಾಡುವುದನ್ನು ಎಫ್ರಾಯಿನ್ ಕೈಗಿಟ್ಟು, “ತಿನ್ನೋರೇ ಸುಲ್ಕೋಬೇಕು ಅತ್ತೆ, ನಮ್ಮ ಕಡೆ ಹಾಗೇ” ಅಂದಳು. ನನ್ನ ಮಗ ಬೆರಳು ಸುಟ್ಟುಕೊಂಡು ಸುಲಿದ. ನಗುತ್ತಿದ್ದ ಬೇರೆ.

ಅಟ್ಟದ ಮೇಲೆ ನನ್ನ ಅತ್ತೆ ಕೊಟ್ಟ ಬಿತ್ತನೆ ಗಡ್ಡೆ ಇದೆ, ಎಪ್ಪತ್ತು ಚಿಲ್ಲರೆ ಬಗೆ. ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಒಂದು ವರ್ಷ ನೆಟ್ಟು ಕಿತ್ತುಕೊಳ್ಳದಿದ್ದರೆ ಆ ಬಗೆ ಅಲ್ಲಿಗೆ ಮುಗಿಯಿತು. ಅದು ಅತ್ತೆಯಿಂದ ಸೊಸೆಗೆ ಹೋಗಬೇಕು. ಗಂಡಸರು ಅಟ್ಟ ಹತ್ತುವಂತಿಲ್ಲ. ಇವಳಿಗೆ ನಾನು ಬದುಕಿರುವವರೆಗೂ ಕೊಡುವುದಿಲ್ಲ. ಸತ್ತ ಮೇಲೂ ಯೋಚಿಸಿ ನೋಡಬೇಕು.

ಜೂನ್ ೨೫

ನಿನ್ನೆ ಸಾನ್ ಹ್ವಾನ್ ಹಬ್ಬ. ಬೆಳಕು ಹರಿಯುವ ಮುಂಚೆ ಹಿರಿಯರೆಲ್ಲ ಗುಡ್ಡ ಹತ್ತಿ ಕೃತ್ತಿಕೆ ನೋಡಿ ಬಂದೆವು. ಗೊಂಚಲು ಹೊಳೆದರೆ ಮಳೆ ಹೊತ್ತಿಗೆ ಸರಿಯಾಗಿ ಬರುತ್ತದೆ, ಅಕ್ಟೋಬರಿನಲ್ಲಿ ನೆಡಬೇಕು. ಮಂಕಾಗಿದ್ದರೆ ಮಳೆ ತಡ, ನವೆಂಬರ್ ಮುಗಿಯುವವರೆಗೆ ಕಾಯಬೇಕು. ಮುತ್ತಜ್ಜಂದಿರ ಕಾಲದಿಂದ ಇದು ತಪ್ಪಿದ್ದು ಕಡಿಮೆ.

ನೋಡುವವರ ಮುಖಂಡ ನನ್ನ ಮೈದುನ ಲಿನೊ. ಅವನ ಒಂದು ಕಣ್ಣಿಗೆ ಪೊರೆ ಬಂದಿದೆ, ಇನ್ನೊಂದಕ್ಕೆ ಅಹಂಕಾರ. ಆದರೂ ಈ ಸಲ ಅವನು ಹೇಳಿದ್ದು ಸರಿ, ನನಗೂ ಮಂಕಾಗಿಯೇ ಕಂಡಿತು. ಊರಿನ ಸಭೆಯಲ್ಲಿ ತಡವಾಗಿ ನೆಡೋಣ ಎಂದು ನಾನೇ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದೆ. ಲಿನೊ ತಾನು ಹೇಳಬೇಕಾದ್ದನ್ನು ನಾನು ಹೇಳಿಬಿಟ್ಟೆನಲ್ಲ ಎಂದು ಮುಖ ಊದಿಸಿಕೊಂಡ.

ಆಗ ಸೂಪ್ ಬಡಿಸುತ್ತಿದ್ದ ತಗ್ಗಿನವಳು ಕೇಳಿದಳು: “ಹಿಂದಿನ ರಾತ್ರಿ ಹುಡುಗರು ಹಬ್ಬದ ಬೆಂಕಿ ಹಚ್ಚಿ ಆ ಗುಡ್ಡದ ಹುಲ್ಲೆಲ್ಲ ಸುಟ್ಟಿದ್ರಲ್ಲ ಅತ್ತೆ. ಹೊಗೆ ಇರ್ಲಿಲ್ವಾ?”

ನಿಮ್ಮ ಕಡೆ ಬೀದಿ ದೀಪಕ್ಕೇ ನಕ್ಷತ್ರ ಹೆದರಿಕೊಳ್ಳುತ್ತವೆ, ಇಲ್ಲಿಯವು ಹೊಗೆಗೆಲ್ಲ ಹೆದರುವುದಿಲ್ಲ ಎಂದೆ. ಸಭೆಯೆಲ್ಲ ನಕ್ಕಿತು. ಅವಳೂ ನಕ್ಕಳು. ಅದು ನನಗೆ ಹಿಡಿಸಲಿಲ್ಲ.

ಅಕ್ಟೋಬರ್ ೧೪

ಮಳೆ ಬಂತು. ಮೂರು ದಿನದಿಂದ ಒಳ್ಳೆ ಹದವಾಗಿ ಸುರಿಯುತ್ತಿದೆ. ಇದು ಸುಳ್ಳು ಮಳೆ ಎಂದು ಲಿನೊ ಮನೆಮನೆಗೆ ಹೋಗಿ ಹೇಳಿ ಬಂದ. ನಿಜದ ಮಳೆಯಲ್ಲಿ ಹೇಗೆ ನೆನೆಯುತ್ತೇವೋ ಸುಳ್ಳು ಮಳೆಯಲ್ಲೂ ಹಾಗೇ ನೆನೆದಿದ್ದ, ಪಾಪ.

ಊರಿನ ತೀರ್ಮಾನ ತೀರ್ಮಾನವೇ. ಮೇಲಿನ ಹೊಲಗಳನ್ನು ಎಲ್ಲರೂ ಒಟ್ಟಿಗೆ ನೆಡಬೇಕು, ಒಬ್ಬರು ಮುಂದಾಗುವಂತಿಲ್ಲ. ಮನೆಯ ಕೆಳಗಿನ ತುಂಡು ಹೊಲ ಮಾತ್ರ ನಮ್ಮದೇ, ಅದಕ್ಕೆ ಊರಿನ ಲೆಕ್ಕ ಇಲ್ಲ. ತಗ್ಗಿನವಳು ಅದನ್ನು ಕೇಳಿದಳು. ಈಗಲೇ ನೆಡುತ್ತಾಳಂತೆ. ತಗ್ಗಿನವಳಿಗೆ ತಗ್ಗಿನ ಹೊಲ, ತಗೊ ಎಂದೆ. ಬಿತ್ತನೆ ಬೇಕಲ್ಲ ಅಂದಳು.

ಅಟ್ಟ ಹತ್ತಿದೆ. ದಪ್ಪನೆಯವು, ಬೆಂದರೆ ಬಿರಿದು ಹಿಟ್ಟಾಗುವವು, ನೆಂಟರ ಮುಂದೆ ಇಟ್ಟು ಮೆರೆಯುವಂಥವು, ಅವನ್ನೆಲ್ಲ ಮೇಲಿನ ಹೊಲಕ್ಕೆಂದು ಬೇರೆ ಮಾಡಿದ್ದೆ. ಮೂಲೆಯಲ್ಲಿ ಗುಡಿಸಿಟ್ಟ ಚಿಲ್ಲರೆ ಗಡ್ಡೆ ಒಂದು ಗೋಣಿ ಇತ್ತು. ಒಂದೊಂದು ಬಗೆಯದು ನಾಲ್ಕೈದು, ಸುಕ್ಕಿದವು, ಮೊಳಕೆ ಮುರಿದವು. ಅದನ್ನು ಕೆಳಗೆ ಉರುಳಿಸಿದೆ.

“ಎಲ್ಲಾ ಬಗೆನೂ ಇದ್ಯಾ ಅತ್ತೆ ಇದ್ರಲ್ಲಿ?”

“ಕಸದಲ್ಲಿ ಎಲ್ಲಾ ಇರುತ್ತೆ” ಅಂದೆ.

ಎಫ್ರಾಯಿನ್ ಏನೋ ಹೇಳಲು ಬಾಯಿ ತೆರೆದ. ನಾನು ಒಂದು ಕಡೆಯಿಂದ ನೋಡಿದೆ, ಅವಳು ಇನ್ನೊಂದು ಕಡೆಯಿಂದ ನೋಡಿದಳು. ತೆರೆದ ಬಾಯಿಗೆ ಹುರಿದ ಮೆಕ್ಕೆಜೋಳ ಹಾಕಿಕೊಂಡ. ಮದುವೆಯಾದ ಮೇಲೆ ಅವನಿಗೆ ಬುದ್ಧಿ ಬರುತ್ತಿದೆ.

ನವೆಂಬರ್ ೨೮

ಮೇಲಿನ ಹೊಲ ನೆಟ್ಟಾಯಿತು. ಊರಿಗೆ ಊರೇ ಸೇರಿತ್ತು, ಗಂಡಸರು ಕಾಲುನೇಗಿಲು ತುಳಿದು ನೆಲ ಎಬ್ಬಿಸಿದರು, ಹೆಂಗಸರು ಗಡ್ಡೆ ಇಟ್ಟೆವು. ಮೆಕ್ಕೆಜೋಳದ ಹೆಂಡ ಚಿಚಾ ಕುಡಿದು ಲಿನೊ ಹಾಡಿದ, ಅದನ್ನು ತಡೆಯುವ ಪದ್ಧತಿ ನಮ್ಮಲ್ಲಿ ಇಲ್ಲ. ಆ ಸುಳ್ಳು ಮಳೆ ಇನ್ನೂ ನಿಂತಿಲ್ಲ. ಕಣಕಾಲಿನವರೆಗೆ ಕೆಸರು. ನಕ್ಷತ್ರ ಹೇಳಿದ್ದು ಬೇರೆ ಯಾವುದೋ ಮಳೆಯ ಬಗ್ಗೆ ಇರಬೇಕು ಎಂದು ಲಿನೊ ಈಗ ಅನ್ನುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ತಗ್ಗಿನವಳ ಹೊಲದಲ್ಲಿ ಆಗಲೇ ಗೇಣುದ್ದ ಗಿಡ. ಕಸ ಬೇಗ ಹುಟ್ಟುತ್ತದೆ.

ಜನವರಿ ೨೯

ಎಷ್ಟೋ ವರ್ಷಗಳ ಮೇಲೆ ಮಂಡಿ ನೋಯುತ್ತಿಲ್ಲ. ಈ ಎತ್ತರದಲ್ಲಿ ಮಳೆಗಾಲದ ನಡುವೆಯೂ ಬೆಳಗ್ಗೆ ಹುಲ್ಲಿನ ಮೇಲೆ ಬಿಳಿ ಹಿಮ ಇರುತ್ತಿತ್ತು, ನಾನು ಎರಡು ಕಂಬಳಿ ಹೊದೆಯುತ್ತಿದ್ದೆ. ಈ ಸಲ ಒಂದನ್ನು ಮಡಿಸಿಟ್ಟೆ. ಗಾಳಿ ಬೆಚ್ಚಗಿದೆ, ಎಲೆಗಳು ದಿನವಿಡೀ ಒದ್ದೆ. ಮೇಲಿನ ಹೊಲದ ಗಿಡಗಳು ಎಳೆಗೂಸಿನ ಕೆನ್ನೆಯ ಹಾಗೆ ನುಣ್ಣಗಿವೆ, ದೃಷ್ಟಿ ತಗಲುವಂತಿವೆ.

ನನಗೆ ಸುಖವಾದರೆ ಅವಳಿಗೆ ಕಷ್ಟವಾಗಲೇಬೇಕಲ್ಲ. ಸಂಜೆ ಹೊರಗೆ ನಿಂತು ಎಲೆ ಮುಟ್ಟಿ ನೋಡುತ್ತಾಳೆ, ಒಳಗೆ ಬಂದು ಲಂಗಕ್ಕೆ ಕೈ ಒರೆಸಿಕೊಳ್ಳುತ್ತಾಳೆ. ತಣ್ಣಗಾಗುತ್ತಲೇ ಇಲ್ಲ ಅತ್ತೆ, ಕೆಳಗೆ ನಮ್ಮೂರಲ್ಲಿ ಇದ್ದ ಹಾಗೇ ಇದೆ ಎಂದಳು. ತವರಿನ ಹವೆಯೇ ಇಲ್ಲಿಗೆ ಬಂದಿದೆಯಲ್ಲ, ಖುಷಿಪಡು ಎಂದೆ. ಅಂಗಮಾರಿ ಬರುತ್ತದೆ ಎಂದು ಹೆದರಿಕೆಯಂತೆ. ಅಂಗಮಾರಿ ತಗ್ಗಿನ ರೋಗ. ಇಲ್ಲಿಯ ಚಳಿಯೇ ನಮ್ಮ ಔಷಧಿ, ನನ್ನ ಅತ್ತೆಯ ಕಾಲದಲ್ಲೂ ಅದು ನಮ್ಮ ಗುಡ್ಡ ಹತ್ತಿದ್ದಿಲ್ಲ. ಹಾಗೆ ಹೇಳಿದೆ. ಚಳಿ ಎಲ್ಲಿದೆ ಎಂದು ಅವಳು ಕೇಳಲಿಲ್ಲ, ನನ್ನ ಮಡಿಸಿಟ್ಟ ಕಂಬಳಿಯನ್ನು ನೋಡಿದಳು.

ಫೆಬ್ರವರಿ ೧೦

ಮಂಜು ಬಂದು ಕೂತಿದೆ, ಏಳುವ ಲಕ್ಷಣ ಇಲ್ಲ. ನೆಂಟರಾದರೂ ಊಟವಾದ ಮೇಲೆ ಎದ್ದು ಹೋಗುತ್ತಾರೆ.

ಬೆಳಗ್ಗೆ ಯಾನೆತ್ ಅಡುಗೆಮನೆಗೆ ಓಡಿ ಬಂದಳು, ಕಾಲಡಿಯ ಸಾಕು ಗಿನಿಹಂದಿಗಳೆಲ್ಲ ಚೆಲ್ಲಾಪಿಲ್ಲಿಯಾದವು. ಕೈಯಲ್ಲಿ ಮೇಲಿನ ಹೊಲದ ಎಲೆ. ಅದರ ಅಂಚಿನಲ್ಲಿ ಬಿಸಿನೀರು ಬಿದ್ದ ಹಾಗೆ ಕಂದು ಕಲೆ. ತಿರುಗಿಸಿ ತೋರಿಸಿದಳು, ಕೆಳಗಡೆ ಹಿಟ್ಟು ಉದುರಿಸಿದಂಥ ಬಿಳಿ ಬೂಷ್ಟು. ಆಲಿಕಲ್ಲಿನ ಪೆಟ್ಟು ಎಂದೆ. ಈ ತಿಂಗಳು ಆಲಿಕಲ್ಲು ಬಿದ್ದೇ ಇಲ್ಲ ಎಂದು ಎಫ್ರಾಯಿನ್ ಹೇಳಿದ. ಇವನನ್ನು ಯಾರು ಕೇಳಿದರು?

“ಅಂಗಮಾರಿ ಅತ್ತೆ” ಅಂದಳು. “ನಮ್ಮಪ್ಪನ ಹೊಲ ಒಂದೇ ವಾರದಲ್ಲಿ ತಿಂದುಹಾಕ್ತು. ಅದೊಂದೇ ತಳಿ, ಒಂದು ಗಿಡಕ್ಕೆ ಬಂದಿದ್ದು ಎಲ್ಲಾದಕ್ಕೂ ಬಂತು. ನಾವು ಔಷಧಿ ಹೊಡೀತಾ, ಕಾಯ್ತಾ ಕೂತ್ವಿ. ಆಮೇಲೆ ನೆಲ ಅಗೆದ್ರೆ ಬರೀ ವಾಸನೆ.”

ಹೇಳುತ್ತ ಹೇಳುತ್ತ ಆ ಎಲೆಯನ್ನು ಹಿಸುಕಿ ಪುಡಿಮಾಡಿದಳು. ಈ ಮನೆಗೆ ಬಂದಾಗಿನಿಂದ ತವರಿನ ಕಥೆಯನ್ನು ಅವಳು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ ಎಂಬುದೂ ಹೌದು. ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕಿ ಕೊಟ್ಟೆ. ಹಾಗೆ ಹಿಸುಕುವ ಕೈಯಿಂದ ನನ್ನ ಲೋಟ ಒಡೆದರೆ ನಷ್ಟ ನನಗೇ ತಾನೆ.

ಫೆಬ್ರವರಿ ೧೩

ಊರಿನ ಬುದ್ಧಿವಂತಿಕೆಯ ಪ್ರದರ್ಶನ ಮೂರು ದಿನದಿಂದ ನಡೆಯುತ್ತಿದೆ.

ಮೊದಲು ಲಿನೊ. ಆಲಿಕಲ್ಲಿನ ಮೋಡಕ್ಕೆ ಹೊಡೆಯುವ ಸಿಡಿಮದ್ದನ್ನು ಮಂಜಿಗೆ ಹೊಡೆಸಿದ. ಮಂಜು ಓಡಿಹೋಗಲು ಅದೇನು ನಾಯಿಯೇ? ಊರಿನ ನಾಯಿಗಳೆಲ್ಲ ಓಡಿಹೋದವು, ಮಂಜು ಅಲ್ಲೇ ಕೂತು ನೋಡಿತು. ಆಮೇಲೆ ಒಲೆಯ ಬೂದಿ ಎರಚಿದರು. ಬೂದಿ ಒದ್ದೆಯಾಗಿ ಎಲೆಗೆ ಅಂಟಿಕೊಂಡಿತು, ರೋಗಕ್ಕೆ ಕಂಬಳಿ ಹೊದಿಸಿದಂತಾಯಿತು.

ಆಮೇಲೆ ನಮ್ಮವಳು. ತವರಿನ ಅಣ್ಣನಿಂದ ಸ್ಪ್ರೇ ಕ್ಯಾನು, ಔಷಧಿ ತರಿಸಿ, ಬೆನ್ನಿಗೆ ಕಟ್ಟಿಕೊಂಡು ಬೆಳಗ್ಗೆಯೆಲ್ಲ ಎರಡೂ ಹೊಲಕ್ಕೆ ಹೊಡೆದಳು. ಮಧ್ಯಾಹ್ನ ಜಡಿಮಳೆ ಬಂದು ಎಲ್ಲ ತೊಳೆದುಕೊಂಡು ಹೋಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅವಳು ಸಾಲಿನ ನಡುವೆ ಖಾಲಿ ಕ್ಯಾನು ಹೊತ್ತು ನೆನೆಯುತ್ತ ನಿಂತಿದ್ದನ್ನು ಬಾಗಿಲಿನಿಂದ ನೋಡಿ ನನಗೆ ನಗು ಬಂತು. ಅವಳು ತಿರುಗಿ ನೋಡಿದಳು. ನಗು ಅಲ್ಲಿಗೇ ನಿಂತಿತು, ಯಾಕೋ ಗೊತ್ತಿಲ್ಲ.

ಸಂಜೆ ಲಿನೊ ಬಂದು ಒಲೆಯ ಮುಂದೆ ಕೂತು ಸುತ್ತಿ ಬಳಸಿ ಕೊನೆಗೆ ಹೇಳಿದ: “ಊರಲ್ಲಿ ಏನಂತಾರೆ ಗೊತ್ತಾ ಅತ್ತಿಗೆ? ನಿನ್ನ ಸೊಸೆ ಲಂಗ ಹಿಡ್ಕೊಂಡೇ ಅಂಗಮಾರಿ ಗುಡ್ಡ ಹತ್ತಿದ್ದು ಅಂತಾರೆ.”

ಯಾನೆತ್ ಅಲ್ಲೇ ಪಾತ್ರೆ ತೊಳೆಯುತ್ತಿದ್ದಳು.

“ಲಿನೊ, ಅಂಗಮಾರಿ ಲಂಗ ಹಿಡ್ಕೊಂಡು ಬಂತೋ ಇಲ್ವೋ ಕಾಣೆ. ಹೊಗೇಲಿ ನಕ್ಷತ್ರ ನೋಡಿ ಒಂದೂವರೆ ತಿಂಗಳು ಬಿತ್ತನೆ ತಡ ಮಾಡ್ಸಿದ್ದು ನಿನ್ನ ಕಣ್ಣು. ಆಗ್ಲೇ ನೆಟ್ಟಿದ್ರೆ ಇಷ್ಟೊತ್ತಿಗೆ ಗಡ್ಡೆ ಕಟ್ಟಿರೋದು” ಅಂದೆ.

ಸೂಪ್ ಕುಡಿಯದೆ ಎದ್ದು ಹೋದ. ನನ್ನ ಸೊಸೆಯನ್ನು ಬೈಯುವುದಕ್ಕೆ ನಾನಿದ್ದೇನೆ, ಅವನು ಯಾರು? ಸಭೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದು ಯಾರು ಎಂದು ಅವನು ಕೇಳಬಹುದಿತ್ತು. ಅಷ್ಟು ಬುದ್ಧಿ ಅವನಿಗೆ ಹೊಳೆಯದೆ ಇದ್ದದ್ದು ನನ್ನ ಪುಣ್ಯ.

ಫೆಬ್ರವರಿ ೧೬

ಕಾರ್ನಿವಾಲ್. ಗಿಡಗಳು ಹೂ ಬಿಡುವ ಹಬ್ಬ. ನಾವು ಟೋಪಿಗೆ ಆಲೂ ಹೂ ಸಿಕ್ಕಿಸಿಕೊಂಡು ಹೊಲದ ಸುತ್ತ ಕುಣಿಯುತ್ತೇವೆ, ಗಿಡಕ್ಕೆ ಚಿಚಾ ಚಿಮುಕಿಸುತ್ತೇವೆ. ಈ ದಿನ ಗಿಡದ ಒಂದು ಎಲೆ ಹರಿದರೂ ದೊಡ್ಡವರು ಮಕ್ಕಳ ಕಿವಿ ಹಿಂಡುತ್ತಾರೆ.

ಈ ದಿನವೇ ಅವಳು ಕುಡುಗೋಲು ಮಸೆದಳು.

ಕೆಳಗಿನ ಹೊಲಕ್ಕೂ ಅಂಗಮಾರಿ ಅಲ್ಲಲ್ಲಿ ಹತ್ತಿತ್ತು. ಸೊಪ್ಪನ್ನೆಲ್ಲ ಕೊಯ್ದು ಹೊರಗೆ ಹಾಕಿದರೆ ರೋಗ ಗಡ್ಡೆಗೆ ಇಳಿಯುವುದಿಲ್ಲ, ಇರುವಷ್ಟು ಸಣ್ಣ ಗಡ್ಡೆಯಾದರೂ ಬಿತ್ತನೆಗೆ ಉಳಿಯುತ್ತದೆ ಎಂಬುದು ಅವಳ ಲೆಕ್ಕ. ಎರಡೂ ಹೊಲ ಕೊಯ್ಯೋಣ ಎಂದಳು. ಹೂ ಬಿಟ್ಟ ಗಿಡಕ್ಕೆ ಕುಡುಗೋಲು ಇಡುವುದು ಬಸುರಿಯ ಹೊಟ್ಟೆಗೆ ಒದ್ದ ಹಾಗೆ, ನನ್ನ ಹೊಲಕ್ಕೆ ಕಾಲಿಟ್ಟರೆ ಕಾಲು ಮುರಿಯುತ್ತೇನೆ ಎಂದೆ. ಮೇಲಿನದು ನವೆಂಬರಿನ ಗಿಡ, ಅಡಿಯಲ್ಲಿ ಇನ್ನೂ ಗೋಲಿಯಷ್ಟೂ ಗಡ್ಡೆ ಇಲ್ಲ. ಅದನ್ನು ಕೊಯ್ದರೆ ಉಳಿಯುವುದೇನು?

“ಕೊಯ್ದರೆ ಉಳಿಯುತ್ತೆ ಅಂತ ನಿನಗೆ ಗೊತ್ತಾ?” ಎಂದು ಕೇಳಿದೆ.

“ಗೊತ್ತಿಲ್ಲ ಅತ್ತೆ. ನಮ್ಮಪ್ಪ ಕೊಯ್ಲಿಲ್ಲ, ಎಲ್ಲಾ ಹೋಯ್ತು. ಅಷ್ಟೇ ಗೊತ್ತಿರೋದು.”

ಊರೆಲ್ಲ ಹಾಡುತ್ತ ಕುಣಿಯುತ್ತ ಬರುವ ಹೊತ್ತಿಗೆ ಅವಳು ಬಗ್ಗಿ ಕೊಯ್ಯುತ್ತಿದ್ದಳು. ಹಾಡು ನಿಂತಿತು. ಬೋಳು ಹೊಲದಲ್ಲಿ ನೇರಳೆ ಹೂವು, ಬಿಳಿ ಹೂವು ರಾಶಿಯಾಗಿ ಬಿದ್ದಿದ್ದವು. ಒಬ್ಬ ಮುದುಕಿ ಶಿಲುಬೆಯ ಗುರುತು ಮಾಡಿಕೊಂಡಳು. ಎಫ್ರಾಯಿನ್ ಒಂದು ನಿಮಿಷ ನನ್ನನ್ನು ನೋಡಿದ, ಆಮೇಲೆ ಬೇಲಿ ದಾಟಿ ಹೋಗಿ ಅವಳು ಕೊಯ್ದದ್ದನ್ನು ಹೊರಲು ಶುರುಮಾಡಿದ. ಅವನಿಗೆ ಬುದ್ಧಿ ಬರುತ್ತಿದೆ ಎಂದು ಹಿಂದೆ ಬರೆದಿದ್ದೆ, ಇಷ್ಟು ಬರಬೇಕಿರಲಿಲ್ಲ.

ನಾನು ಮುಂದೆ ಹೋಗಿ, ನಮ್ಮನೆ ಹೊಲ, ನಮ್ಮಿಷ್ಟ, ನೀವು ಕುಣಿಯುವುದಾದರೆ ಕುಣಿಯಿರಿ ಎಂದೆ. ಊರಿನವರ ಮುಂದೆ ಮನೆ ಮಾನ ಮುಖ್ಯ.

ಫೆಬ್ರವರಿ ೧೭

ಅವಳ ಹೊಲ ಬೋಳು ತಲೆಯ ಹಾಗಿದೆ. ನೋಡಿದಾಗೆಲ್ಲ ನಗು ಬರುತ್ತದೆ. ಆದರೂ ಇವತ್ತು ಯಾರೊಂದಿಗೂ ನಗಲಿಲ್ಲ.

ಫೆಬ್ರವರಿ ೨೩

ಮೇಲಿನ ಹೊಲ ಹೋಯಿತು.

ಶುಕ್ರವಾರ ಹಸಿರು ಇತ್ತು. ಇವತ್ತು ಮಂಜು ಎದ್ದಿತು, ಎದ್ದು ಏನು ಮಾಡಿದ್ದೇನೆ ನೋಡಿ ಎಂದು ತೋರಿಸಿತು. ಸಾಲಿಗೆ ಸಾಲೇ ಕರ್ರಗೆ, ಕಾಂಡ ಮೆತ್ತಗೆ, ಮುಟ್ಟಿದರೆ ಕೈಗೆ ಬರುತ್ತದೆ. ವಾಸನೆ ಮನೆವರೆಗೂ ಬರುತ್ತಿದೆ. ನನ್ನ ಅಕ್ಕರೆಯ ಬಗೆಗಳು, ಬೆಂದರೆ ಬಿರಿಯುವವು, ಎಲ್ಲಕ್ಕಿಂತ ಮೊದಲು ಮಲಗಿವೆ. ಸಾಲಿನ ನಡುನಡುವೆ ಅಲ್ಲಲ್ಲಿ ಒಂದೊಂದು ಗಿಡ ಏನೂ ಆಗದವರ ಹಾಗೆ ನಿಂತಿದೆ. ಹೋಗಿ ನೋಡಿದರೆ ‘ಹಂದಿ ಲದ್ದಿ’, ‘ಕರಿ ಮುದುಕಿ’. ಗಟ್ಟಿ ಕಹಿ ಗಡ್ಡೆಗಳು, ಹಿಮದಲ್ಲಿ ಹೆಪ್ಪುಗಟ್ಟಿಸಿ, ತುಳಿದು, ಒಣಗಿಸದೆ ತಿನ್ನಲು ಬಾರದವು. ಸಾಲು ತುಂಬಲಿ ಎಂದು ಎಸೆದಿದ್ದೆ. ರೋಗಕ್ಕೂ ನಾಲಿಗೆ ಇದೆ, ರುಚಿಯಾದದ್ದನ್ನೇ ಆರಿಸಿಕೊಂಡು ತಿಂದಿದೆ.

ಯಾನೆತ್ ಬಂದು ಪಕ್ಕದಲ್ಲಿ ನಿಂತಳು. ನಾನು ಹೇಳಿರಲಿಲ್ಲವೇ ಎಂದು ಕೇಳುತ್ತಾಳೆಂದು ಕಾದೆ, ಉತ್ತರವನ್ನೂ ಸಿದ್ಧಮಾಡಿಕೊಂಡಿದ್ದೆ. ಅದರ ಬದಲು ನನ್ನ ಜೊತೆ ಮನೆವರೆಗೆ ಇಳಿದಳು, ಜಾರುವ ಕಡೆ ತೋಳು ಹಿಡಿದುಕೊಂಡಳು. ನಾನೇನೂ ಜಾರುತ್ತಿರಲಿಲ್ಲ.

ಅತ್ತೆ ಸಾಯುವಾಗ ಅಟ್ಟದ ಕಡೆ ಕೈ ತೋರಿಸಿದ್ದು ನೆನಪಾಯಿತು. ನನಗೆ ಬಹಳ ದುಃಖವಾಗಿದೆ. ಇದನ್ನು ತಮಾಷೆಯಾಗಿ ಬರೆಯಲು ಬರುವುದಿಲ್ಲ.

ಮಾರ್ಚ್ ೯

ಬರೆಯುವಂಥದ್ದೇನಿಲ್ಲ. ಚಳಿ ಈಗ ಬಂತು. ಎಲ್ಲಿಗೆ ಹೋಗಿತ್ತೋ.

ಮೇ ೧೮

ಅಗೆತ ಮುಗಿಯಿತು.

ಮೇಲಿನ ಹೊಲದಲ್ಲಿ ನೆಲ ಎಬ್ಬಿಸಿದರೆ ಅಂಬಲಿ. ಹಂದಿ ಲದ್ದಿ, ಕರಿ ಮುದುಕಿ, ಇನ್ನೆರಡು ಮೂರು ಮೊಂಡು ಬಗೆ, ಅಷ್ಟೇ ಗಟ್ಟಿಯಾಗಿ ಸಿಕ್ಕವು. ಲಿನೊನ ಹೊಲವೂ ಹಾಗೇ, ಊರೆಲ್ಲ ಹಾಗೇ. ಈ ವರ್ಷ ಸಭೆಯಲ್ಲಿ ಯಾರೂ ನಕ್ಷತ್ರದ ಮಾತೆತ್ತುತ್ತಿಲ್ಲ. ಲಿನೊ ಕೆಮ್ಮು ಎಂದು ಹೇಳಿ ಮನೆಯಲ್ಲೇ ಇರುತ್ತಾನೆ. ಅವನನ್ನು ಕೆಣಕಲು ಹೋಗಿದ್ದೆ, ಒಬ್ಬನೇ ಕೂತು ಹಳೆಯ ಒಣ ಗಡ್ಡೆ ನೆನೆಹಾಕುತ್ತಿದ್ದ. ಕೆಣಕದೆ ಬಂದೆ.

ಯಾನೆತ್ ತನ್ನ ಹೊಲವನ್ನು ಒಬ್ಬಳೇ ಅಗೆದಳು, ಸಾಲಿನಲ್ಲಿ ಮಂಡಿಯೂರಿ ಬೆರಳಿನಲ್ಲಿ ಹುಡುಕಿ ತೆಗೆದಳು. ಅವಳದೂ ಒಂದು ಪಾಲು ಕೊಳೆತಿತ್ತು. ಔಷಧಿ ಹೊಡೆಯುತ್ತ ಕಳೆದ ದಿನಗಳನ್ನು ಮೊದಲೇ ಕುಡುಗೋಲಿಗೆ ಕೊಟ್ಟಿದ್ದರೆ ಅದೂ ಉಳಿಯುತ್ತಿತ್ತು ಎಂದು ತನ್ನನ್ನೇ ಬೈದುಕೊಂಡಳು. ಉಳಿದದ್ದೆಲ್ಲ ಸಣ್ಣದು, ಕೋಳಿಮೊಟ್ಟೆಯಷ್ಟಿದ್ದರೆ ದೊಡ್ಡದು. ಕಂಬಳಿಯ ಮೇಲೆ ಹರವಿದಳು. ಕೆಂಪು, ನೇರಳೆ, ಹಳದಿ, ಚುಕ್ಕೆಯವು, ಉದ್ದನೆಯವು, ಮುರುಟಿದವು. ನಾನು ಗುಡಿಸಿ ಎಸೆದ ಕಸದ ಗೋಣಿ. ಅದರಲ್ಲಿದ್ದ ಬಹುಪಾಲು ಬಗೆ ಅಲ್ಲಿತ್ತು.

ಅಟ್ಟದಲ್ಲಿ ನನ್ನದು ಎನ್ನಲು ಆ ಮೊಂಡು ಗಡ್ಡೆ ಬಿಟ್ಟರೆ ಏನೂ ಉಳಿದಿಲ್ಲ. ನನ್ನ ಅತ್ತೆಯ ಬಿತ್ತನೆಯೆಲ್ಲ ಈಗ ಕಂಬಳಿಯ ಮೇಲೆ ಇರುವುದು, ಅದು ಅವಳದು. ನಾನು ಕೊಟ್ಟದ್ದಲ್ಲ ಎನ್ನುವ ಹಾಗೂ ಇಲ್ಲ, ಕೊಟ್ಟೆ ಎಂದು ಮೆರೆಯುವ ಹಾಗೂ ಇಲ್ಲ.

ಜೂನ್ ೪

ಎರಡು ವಾರದಿಂದ ಕಾಯುತ್ತಿದ್ದೆ, ಅವಳಾಗಿಯೇ ಅತ್ತೆ ತಗೊಳ್ಳಿ ಎನ್ನುತ್ತಾಳೆಂದು. ಅನ್ನಲಿಲ್ಲ. ಗಡ್ಡೆಯನ್ನು ಒಣಹುಲ್ಲಿನಲ್ಲಿ ಸುತ್ತಿ ತನ್ನ ಕೋಣೆಯಲ್ಲೇ ಇಟ್ಟುಕೊಂಡಿದ್ದಾಳೆ. ಎಫ್ರಾಯಿನ್‌ಗೆ ಸೂಚನೆ ಕೊಟ್ಟು ನೋಡಿದೆ. ಗಂಡಸರು ಬಿತ್ತನೆ ವಿಷಯಕ್ಕೆ ಬರುವಂತಿಲ್ಲ ಎಂದು ನೀನೇ ಹೇಳಿದ್ದೀಯಲ್ಲಮ್ಮ ಎಂದು ವ್ಯಾನು ಹತ್ತಿ ಹೋದ.

ನಮ್ಮಲ್ಲಿ ಬಿತ್ತನೆ ಕೇಳಲು ಯಾರೂ ಕೈಬೀಸಿಕೊಂಡು ಹೋಗುವುದಿಲ್ಲ. ಅವರಿಗೆ ಅಗಿಯಲು ಒಂದು ಹಿಡಿ ಒಳ್ಳೆಯ ಕೋಕಾ ಎಲೆ ಶಾಲಿನಲ್ಲಿ ಕಟ್ಟಿಕೊಂಡು, ಟೋಪಿ ತೆಗೆದು, ಅವರ ಅಂಗಳದಲ್ಲಿ ನಿಲ್ಲಬೇಕು. ಮನೆಯಾಕೆ ಕರೆದ ಮೇಲೆ ಒಳಗೆ. ನಾನು ಯಾವತ್ತೂ ಹಾಗೆ ಹೋಗಿ ನಿಂತವಳಲ್ಲ, ನನ್ನ ಅಂಗಳದಲ್ಲಿ ನಿಂತವರನ್ನು ಬಿಸಿಲಲ್ಲಿ ಸ್ವಲ್ಪ ಹೊತ್ತು ಕಾಯಿಸಿದವಳು.

ಇವತ್ತು ಹಿಂಬಾಗಿಲಿನಿಂದ ಹೊರಟೆ. ಮನೆಯನ್ನು ಸುತ್ತು ಹಾಕಿ ಮುಂದಿನ ಅಂಗಳಕ್ಕೆ ಬಂದೆ. ಟೋಪಿ ತೆಗೆದೆ. ಕೋಳಿಗಳು ನನ್ನನ್ನೇ ನೋಡುತ್ತಿದ್ದವು. ನನ್ನ ಮನೆ, ನನ್ನ ಅಂಗಳ, ನಾನೇ ಬಳಿದ ಗೋಡೆ, ಬಾಗಿಲು ತಟ್ಟಲು ಕೈ ಬರಲಿಲ್ಲ. ಕೊನೆಗೆ, “ಮನೇಲಿ ಯಾರಿದ್ದೀರಿ?” ಎಂದು ಕೂಗಿದೆ. ಕೀರಲು ದನಿ ಬಂತು.

ಯಾನೆತ್ ಬಾಗಿಲಿಗೆ ಬಂದಳು. ನನ್ನ ಕೈಯಲ್ಲಿದ್ದ ಟೋಪಿ ನೋಡಿದಳು, ಶಾಲಿನ ಗಂಟು ನೋಡಿದಳು. ನಗುತ್ತಾಳೆಂದು ಹೆದರಿದ್ದೆ. ನಗಲಿಲ್ಲ. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಮನೆಯಾಕೆ ನಿಲ್ಲಬೇಕಾದ ಜಾಗದಲ್ಲಿ ನೆಟ್ಟಗೆ ನಿಂತು, ದೂರದವರನ್ನು ಕರೆಯುವ ಹಾಗೆ, “ಒಳಗೆ ಬನ್ನಿ. ಬಿಸಿಲಲ್ಲಿ ಯಾಕೆ ನಿಂತಿದ್ದೀರಿ?” ಅಂದಳು.

ಕಾಯಿಸಲಿಲ್ಲ. ಶಾಲಿನ ಗಂಟು ಬಿಚ್ಚುತ್ತ ಒಳಗೆ ಹೋದೆ.

ಕೋಕಾ ಎಲೆಯನ್ನು ಎರಡೂ ಕೈಯಲ್ಲಿ ತಗೊಂಡಳು. ಮೊದಲು ಸೂಪ್ ಕೊಟ್ಟಳು, ಉಪ್ಪು ಕಡಿಮೆ ಇತ್ತು, ಎರಡು ಬಟ್ಟಲು ಕುಡಿದೆ. ಆಮೇಲೆ ಒಳಗಿನಿಂದ ಗಡ್ಡೆ ತಂದು ಕಂಬಳಿಯ ಮೇಲೆ ಸುರಿದಳು.

“ಕೊಡ್ತೀನಿ ಅತ್ತೆ. ಇಬ್ರೂ ಸೇರಿ ನೆಡೋಣ. ಆದ್ರೆ ನನಗೆ ಇವುಗಳ ಹೆಸರೇ ಗೊತ್ತಿಲ್ಲ. ಯಾವುದು ಏನು ಅಂತ ಹೇಳ್ಕೊಡಿ.”

ಒಂದೊಂದನ್ನೇ ಕೈಗೆ ತಗೊಂಡು ಹೇಳಿದೆ. ಪೂಮಾ ಪಂಜ. ಲಾಮಾ ಮೂಗು. ಹಸುವಿನ ನಾಲಿಗೆ. ಕೆಂಪು ಲಂಗ. ಅವಳು ನನ್ನ ಹಿಂದೆಯೇ ಹೇಳಿದಳು, ಒಂದೊಂದರ ಪಕ್ಕ ಒಂದೊಂದು ರಾಶಿ ಮಾಡಿದಳು. ಮಧ್ಯಾಹ್ನ ಜಾರಿತು. ಕಂಬಳಿ ಮುಗಿಯಿತು ಎಂದು ನಾನು ಏಳಲು ಹೋದೆ.

“ಮಿಕ್ಕವುಗಳ ಹೆಸರು?” ಅಂದಳು.

“ಯಾವ ಮಿಕ್ಕವು?”

“ಈ ಸಲ ಬರದೇ ಇದ್ದವು.”

“ಸತ್ತವುಗಳ ಹೆಸರು ಕಟ್ಕೊಂಡು ಏನು ಮಾಡ್ತೀಯೇ?”

“ಮೇಲಿನ ಊರುಗಳಲ್ಲಿ ಇನ್ಯಾರ ಅಟ್ಟದಲ್ಲೋ ಬದುಕಿರಬಹುದಲ್ಲ ಅತ್ತೆ. ಹೋಗಿ ಅವರ ಅಂಗಳದಲ್ಲಿ ನಿಂತ್ರೆ, ಹೆಸರು ಗೊತ್ತಿಲ್ದೆ ಏನಂತ ಕೇಳ್ಲಿ?”

ನಾನು ಕೂತೆ. ಹೇಳಿದೆ. ಮೊದಲ ಹೆಸರಿಗೇ ಅಳು ಬಂತು, ಆದರೂ ಒಂದನ್ನೂ ಬಿಡದೆ ಹೇಳಿದೆ. ತೋರಿಸಲು ಗಡ್ಡೆ ಇರಲಿಲ್ಲ, ಇದು ಹೀಗಿರುತ್ತದೆ, ಇದರ ಕಣ್ಣು ಹೀಗೆ, ಕುಯ್ದರೆ ಒಳಗೆ ನೇರಳೆ ಉಂಗುರ ಎಂದು ಬೆರಳಿನಲ್ಲಿ ಗಾಳಿಯಲ್ಲಿ ಬರೆದು ತೋರಿಸಿದೆ. ಅವಳು ಕಣ್ಣು ಮುಚ್ಚಿಕೊಂಡು ಒಂದೊಂದನ್ನೂ ಮತ್ತೆ ಹೇಳಿದಳು.

ಒಬ್ಬಳೇ ಹೋಗುತ್ತೀಯಾ ಎಂದು ಕೇಳಿದೆ.

“ನೀವೂ ಬನ್ನಿ ಅತ್ತೆ. ನಿಮಗೆ ಬೇಡೋಕೂ ಬರುತ್ತೆ ಅಂತ ಇವತ್ತು ಗೊತ್ತಾಯ್ತಲ್ಲ.”

ಬುಧವಾರ ಇಬ್ಬರೂ ಹೊರಡುತ್ತೇವೆ. ಕೋಕಾ ಎಲೆ ಕಟ್ಟಿಟ್ಟಾಯಿತು, ಅವಳಿಗೆ ನನ್ನ ಒಳ್ಳೆಯ ಶಾಲು ತೆಗೆದಿಟ್ಟಿದ್ದೇನೆ, ನಾಲ್ಕು ಜನರ ಅಂಗಳದಲ್ಲಿ ನಿಲ್ಲುವಾಗ ನನ್ನ ಸೊಸೆ ತಗ್ಗಿನವಳ ಹಾಗೆ ಕಾಣಬಾರದು. ನಾಲಿಗೆ ಮಾತ್ರ ಬಹಳ ಉದ್ದವಾಗಿದೆ. ಈ ಮನೆಗೆ ಬಂದಾಗ ಇಷ್ಟಿರಲಿಲ್ಲ, ಯಾರಿಂದ ಕಲಿತಳೋ.